ಗಾಳಿಯಲ್ಲಿ ನಿಂತ ಫಕೀರಪ್ಪ

ಒಂಟಿತನದ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಗುಡ್ಡದ ಗವಿಯಲ್ಲಿ ಕೂತ ಸನ್ಯಾಸಿಗಳು ಏನೇನೋ ಹೇಳಿಕೊಳ್ಳುತ್ತಾರೆ, ಆದರೆ ಅವರಿಗೆ ಇಲಿಯಿದೆ, ಬಾವಲಿಯಿದೆ, ಅವು ಅಲುಗಾಡುತ್ತವೆ. ನಮ್ಮ ಊರು ನಿಂತಾಗ ಇಲಿಯೂ ನಿಲ್ಲುತ್ತದೆ. ಸೊಳ್ಳೆ ನಿಲ್ಲುತ್ತದೆ. ಒಗ್ಗರಣೆಯಿಂದ ಸಿಡಿದ ಸಾಸಿವೆ ಬಾಣಲೆಗೂ ಗೋಡೆಗೂ ನಡುವೆ ನಿಲ್ಲುತ್ತದೆ. ಹಾಗೆ ನಿಂತ ಸಾಸಿವೆಯನ್ನು ಮೂಸಿ, ಇದು ಇಂಥವರ ಮನೆಯ ಒಗ್ಗರಣೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ಹೇಳಿದರೆ ಕೇಳುವವರು ಆಗ ಯಾರೂ ಇರುವುದಿಲ್ಲ, ಅದು ಬೇರೆ ಮಾತು.

ನನ್ನ ಹೆಸರು ಯಮನೂರಪ್ಪ. ಊರಿನ ತಪ್ಪು ಹುಡುಕಿ ತಿದ್ದುವ ಡಿಬಗ್ಗರ್ ಮುಂದೆ ಕೂಡುವವನು. ಹತ್ತಿ ಹಿಂಜುತ್ತಿದ್ದ ಹಳೆಯ ಜಿನ್ನಿನ ಅಟ್ಟದ ಮೇಲೆ ಯಂತ್ರವಿದೆ. ನಮ್ಮ ಊರಿನ ದಿನವೆಲ್ಲ ಅದರೊಳಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದೆ: ಹೊತ್ತು ಹುಟ್ಟುವ ಸಾಲು, ನಳದಲ್ಲಿ ನೀರು ಬರುವ ಸಾಲು, ನೀರು ಬಾರದಿದ್ದರೆ ಗಂಗವ್ವ ಬೈಯುವ ಸಾಲು. ಸಾಲುಗಳು ಒಂದರ ಬೆನ್ನಿಗೆ ಒಂದು ಓಡುತ್ತವೆ, ಊರು ನಡೆಯುತ್ತದೆ. ಯಾವುದಾದರೂ ಸಾಲಿಗೆ ಬೇಕಾದದ್ದು ಸಿಗದೇ ಹೋದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ, ಅದರ ಜೊತೆಗೆ ಊರೂ ನಿಲ್ಲುತ್ತದೆ. ಆಗ ತೆರೆಯ ಮೇಲೆ ಡಿಬಗ್ಗರಿನ ಗುರುತಾದ ಪೀಡೀಬಿ ಎಂಬ ಮೂರು ಅಕ್ಷರ ಮೂಡಿ, ಈಗ ನೀನೇನು ಹೇಳುತ್ತೀ ಎನ್ನುವ ಹಾಗೆ ನನ್ನನ್ನೇ ನೋಡುತ್ತ ಕೂಡುತ್ತದೆ. ನಾನು ಒಂದು ಸಾಲು ಬರೆದು ಎಂಟರ್ ಒತ್ತುತ್ತೇನೆ, ಕೊರತೆ ತುಂಬುತ್ತದೆ. ಆಮೇಲೆ ‘ಸಿ’ ಎಂದು ಒತ್ತಿದರೆ ಊರು ಏನೂ ಆಗದ ಹಾಗೆ ಮುಂದಕ್ಕೆ ಹೊರಡುತ್ತದೆ. ‘ಎನ್’ ಎಂದು ಒತ್ತಿದರೆ ಒಂದೇ ಒಂದು ಸಾಲು ನಡೆದು ಮತ್ತೆ ನಿಲ್ಲುತ್ತದೆ. ಕಾಗೆ ಎತ್ತಿದ ರೆಕ್ಕೆ ಅರ್ಧ ಇಳಿಸಿದಷ್ಟು, ಅಷ್ಟೇ. ನನ್ನ ಕೈ ಎಷ್ಟು ಚುರುಕೆಂದರೆ, ಊರು ನಿಂತಿತ್ತೆಂದು ಇವತ್ತಿನವರೆಗೆ ಯಾರ ಮೈಗೂ ತಿಳಿದಿಲ್ಲ.

ಅವರಿಗೆ ತಿಳಿಯುವುದು ನನ್ನ ಗಡ್ಡದಿಂದ. ಈಗಷ್ಟೇ ಕ್ಷೌರ ಮಾಡಿಸಿಕೊಂಡು ಅಟ್ಟ ಹತ್ತಿದವನು ಕರಡಿಯ ಹಾಗೆ ಇಳಿದು ಬಂದರೆ, ನಡುವೆ ಊರು ನಿಂತಿತ್ತು ಎಂದು ಅರ್ಥ. ನನ್ನ ಗಡ್ಡ ಕಂಡ ಕೂಡಲೇ ಜನ ಮುಖ ಒರೆಸಿಕೊಳ್ಳುತ್ತಾರೆ. ನಿಂತ ಊರಿನಲ್ಲಿ ನಾನು ಬೀದಿ ಬೀದಿ ತಿರುಗಿ ಬಂದಿರುತ್ತೇನೆಂದು ಅವರಿಗೆ ಗೊತ್ತು. ಹಾಗಾಗಿ ನಮ್ಮಲ್ಲಿ ಕೈ ಅಡ್ಡ ಹಿಡಿಯದೆ ಯಾರೂ ಆಕಳಿಸುವುದಿಲ್ಲ. ಮಕ್ಕಳು ಮೂಗಿಗೆ ಬೆರಳಿಟ್ಟರೆ ತಾಯಂದಿರು ಯಮನೂರಪ್ಪ ಬಂದಾನು ಎನ್ನುತ್ತಾರೆ. ಗಂಡ ಹೆಂಡಿರು ಜಗಳವಾಡುವಾಗಲೂ ಫೋಟೋ ತೆಗೆಸಿಕೊಳ್ಳುವವರ ಹಾಗೆ ಮುಖ ಚೆಂದ ಇಟ್ಟುಕೊಂಡೇ ಬೈದಾಡುತ್ತಾರೆ. ಇಷ್ಟು ಸಭ್ಯವಾದ ಊರನ್ನು ನೀವು ಕಂಡಿರಲಾರಿರಿ. ಅದು ನನ್ನ ಒಬ್ಬನ ಸಾಧನೆ.

ಊರು ನಿಂತಾಗ ನಾನು ಹಸಿದಿರುತ್ತೇನೆಂದು ಜನ ನನ್ನ ಚೀಲಕ್ಕೆ ದಿನಾ ರೊಟ್ಟಿ ಹಾಕುತ್ತಾರೆ. ಹಾದಿಯಲ್ಲಿ ಎದುರಾದವರು ಒಂದು ಜೋಳದ ರೊಟ್ಟಿ, ಮೇಲೊಂದು ಚಿಟಿಕೆ ಶೇಂಗಾ ಹಿಂಡಿ ಇಟ್ಟು, ನೆಲ ನೋಡಿಕೊಂಡು ಹೋಗಿಬಿಡುತ್ತಾರೆ. ನಿಜ ಹೇಳಬೇಕೆಂದರೆ ನಿಂತ ಊರಿನಲ್ಲಿ ಹಸಿವೂ ನಿಂತಿರುತ್ತದೆ, ಬೆಳೆಯುವುದು ಗಡ್ಡ, ವಯಸ್ಸು ಮಾತ್ರ. ಆದರೆ ಈ ಸಂಗತಿಯನ್ನು ನಾನಾಗಿ ಯಾಕೆ ಹೇಳಲಿ, ಕುಬಸದ ಓಣಿಯವರ ಹಿಂಡಿ ಅಷ್ಟು ರುಚಿಯಾಗಿರುವಾಗ. ರೊಟ್ಟಿಗೆ ಕೊರತೆಯಿರಲಿಲ್ಲ. ಮಾತಿಗಿತ್ತು. ತಾವು ಎಲ್ಲಿ, ಯಾವ ಮುಖದಲ್ಲಿ ನಿಂತಿದ್ದಾಗ ಇವನು ನೋಡಿರಬಹುದು ಎಂಬ ಅಂಜಿಕೆಯಲ್ಲಿ ನನ್ನ ಜೊತೆ ನಿಂತು ಮಾತನಾಡುವವರೇ ಇರಲಿಲ್ಲ. ಒಮ್ಮೆ ಮದುವೆಯ ಮಾತೂ ಬಂದಿತ್ತು. ನಿಶ್ಚಯಕ್ಕೂ ಮುಹೂರ್ತಕ್ಕೂ ನಡುವೆ ಊರು ಮೇಲಿಂದ ಮೇಲೆ ನಿಂತು, ಹಂದರಕ್ಕೆ ಬರುವಷ್ಟರಲ್ಲಿ ನಾನು ಹುಡುಗಿಯ ಸೋದರಮಾವನಿಗಿಂತ ದೊಡ್ಡವನ ಹಾಗೆ ಕಾಣುತ್ತಿದ್ದೆ. ಅವರು ಬಹಳ ಮರ್ಯಾದೆಯಿಂದ ಚೀಲದ ತುಂಬ ಹೋಳಿಗೆ ಕಟ್ಟಿ ಕಳಿಸಿದರು.

ಮಾತನಾಡುತ್ತಿದ್ದವನು ಒಬ್ಬನೇ, ಟಾಕಿಯ ಫಕೀರಪ್ಪ. ಊರಿನ ನೀರಿನ ಟಾಕಿ ತೊಳೆಯುವುದು, ನೀರು ಬಿಡುವುದು, ಬಿಟ್ಟ ಮೇಲೆ ಟಾಕಿಯ ಕೆಳಗಿನ ಬಂಡೆಯ ಮೇಲೆ ಕೂತು ಬೀಡಿ ಸೇದುವುದು ಅವನ ಕೆಲಸ. ಊರಿಗೆಲ್ಲ ಇರುವ ಮುಖದ ಶಿಸ್ತು ಅವನಿಗಿರಲಿಲ್ಲ. ಬಾಯಿ ತೆರೆದೇ ಆಕಳಿಸುವನು, ನಿಂತಲ್ಲೇ ತುರಿಸಿಕೊಳ್ಳುವನು, ನೋಡಿದರೆ ನೋಡಲಿ ಎನ್ನುವನು. ನನ್ನನ್ನು ಕಂಡರೆ ರೊಟ್ಟಿ ಹಾಕುತ್ತಿರಲಿಲ್ಲ, ಚೀಲಕ್ಕೇ ಕೈ ಹಾಕಿ ಒಂದು ರೊಟ್ಟಿ ತೆಗೆದುಕೊಳ್ಳುತ್ತಿದ್ದ. ತಿನ್ನುತ್ತ, ಈ ಸಲ ಏನು ಬಿಡುತ್ತೀ ಬಿಡು ಎನ್ನುತ್ತಿದ್ದ. ನಾನು ಬಿಡುತ್ತಿದ್ದೆ. ನಿಂತ ಹದ್ದಿನ ಬೆನ್ನಿನ ಮೇಲೆ ಕೂತು ಊರು ನೋಡಿದೆನೆಂದು ಒಮ್ಮೆ ಹೇಳಿದ್ದಕ್ಕೆ ಅವನು ಬೀಡಿ ಆರಿ ಹೋಗುವಷ್ಟು ಹೊತ್ತು ಯೋಚಿಸಿ ಕೇಳಿದ:

“ಹದ್ದು ಎಷ್ಟು ಎತ್ತರಕ್ಕಿತ್ತಲೇ?”

“ಟಾಕಿಗಿಂತ ಮ್ಯಾಲ.”

“ಹತ್ತಿದ್ದು ಹ್ಯಾಂಗ? ನಿಚ್ಚಣಿಕಿ ಯಾರ್ದು? ಊರಾಗ ಅಷ್ಟು ಉದ್ದಂದು ನನ್ನ ಕಡೆ ಒಂದ ಐತಿ, ಅದು ಇಲ್ಲೇ ಐತಿ. ಲೇ ಯಮನೂರಾ, ಸುಳ್ಳಿಗೂ ಒಂದ ಅಂದಾಜ ಇರಬೇಕಲೇ.”

ಸುಳ್ಳು ಅನ್ನಬೇಕಾದರೆ ಮೊದಲು ಪೂರ್ತಿ ಕೇಳಿಸಿಕೊಂಡಿರಬೇಕು. ಹಾಗೆ ಕೇಳಿಸಿಕೊಳ್ಳುತ್ತಿದ್ದವನು ಇಡೀ ಊರಿನಲ್ಲಿ ಅವನೊಬ್ಬನೇ ಆಗಿದ್ದ. ಅವನು ಸುಳ್ಳು ಅಂದ ದಿನ ನನಗೆ ಹೊಟ್ಟೆ ತುಂಬಿದ ಹಾಗಿರುತ್ತಿತ್ತು.

ಆ ದಿನ ನಡುಹಗಲು ಊರು ನಿಂತಿತು. ತೆರೆಯ ಮೇಲೆ ನಿಂತ ಸಾಲು ಓದಿದೆ. ಯಾವುದೋ ನಿಚ್ಚಣಿಕೆಗೆ ಇರಬೇಕಾದಷ್ಟು ಮೆಟ್ಟಿಲು ಇಲ್ಲವೆಂದು ಯಂತ್ರ ತಕರಾರು ಮಾಡುತ್ತಿತ್ತು. ಕಿಟಕಿಯಿಂದ ಟಾಕಿಯ ಕಡೆ ನೋಡಿದೆ. ಫಕೀರಪ್ಪ ಗಾಳಿಯಲ್ಲಿದ್ದ. ಬೆನ್ನು ಕೆಳಗೆ, ಮುಖ ಮೇಲೆ. ನಿಚ್ಚಣಿಕೆಯ ತುದಿಯ ಮೆಟ್ಟಿಲು ಕಿತ್ತು ಅವನ ಮುಷ್ಟಿಯಲ್ಲಿಯೇ ಬಂದಿತ್ತು. ಧೋತರ ಕೊಡೆಯಂತೆ ಬಿಚ್ಚಿಕೊಂಡಿತ್ತು. ಬಾಯಿಂದ ಜಾರಿದ ಬೀಡಿ ಗಲ್ಲದ ಪಕ್ಕ ತೂಗುತ್ತಿತ್ತು. ಕೆಳಗೆ, ಅವನು ದಿನಾ ಕೂಡುವ ಬಂಡೆ.

ಓಡಿದೆ. ನನ್ನಂಥ ಓಟ ಆ ಬೀದಿ ಕಂಡಿಲ್ಲ. ಟಾಕಿಯ ಕಂಬ ಹತ್ತಿ, ಅವನ ಕಾಲು ಹಿಡಿದು ಜಗ್ಗಿದೆ, ನೂಕಿದೆ, ಜೋತುಬಿದ್ದೆ. ನಿಂತ ಊರಿನಲ್ಲಿ ಕೈಯಿಂದ ಏನೂ ಕದಲುವುದಿಲ್ಲ. ಅಲ್ಲಿ ಒಣಗಿದ ಎಲೆಯೂ ಕಬ್ಬಿಣ. ನನ್ನ ಮೈಮೇಲಿನದು ಮಾತ್ರ ನನ್ನ ಜೊತೆ ಅಲುಗಾಡುತ್ತದೆ. ಮಾಡುವುದೇನಿದ್ದರೂ ಯಂತ್ರದ ಮುಂದೆ ಕೂತು, ಬರೆದೇ ಮಾಡಬೇಕು. ‘ಸಿ’ ಒತ್ತುವುದನ್ನು ಬಿಟ್ಟರೆ ಊರನ್ನು ನಡೆಸುವ ದಾರಿಯಿಲ್ಲ, ಒತ್ತಿದರೆ ಫಕೀರಪ್ಪ ಬಂಡೆಗೆ ಬೀಳುತ್ತಾನೆ. ಹಾಗಾಗಿ ನಾನು ಒತ್ತಲಿಲ್ಲ. ಒಬ್ಬ ಟಾಕಿ ತೊಳೆಯುವವನಿಗಾಗಿ ಇಡೀ ಊರನ್ನು, ಅದರ ಸೂರ್ಯನನ್ನೂ ಸೇರಿಸಿ, ತೋರುಬೆರಳು ಎತ್ತಿ ಹಿಡಿದು ನಿಲ್ಲಿಸಿದೆ. ಯಾವ ರಾಜ ಮಾಡಿದ್ದಾನೆ ಹೇಳಿ.

ಒಂದು ಸಾಲು ನಡೆದರೆ ಎಷ್ಟು ಬೀಳುತ್ತಾನೆ ನೋಡೋಣವೆಂದು ‘ಎನ್’ ಒತ್ತಿದೆ. ಒಂದು ಗೇಣು ಇಳಿದ. ಇನ್ನು ಅದನ್ನು ಮುಟ್ಟಬಾರದು ಎಂದುಕೊಂಡೆ. ಮುರಿದ ಮೆಟ್ಟಿಲನ್ನು ನಿಚ್ಚಣಿಕೆಗೆ ಮರಳಿ ಸೇರಿಸುವುದು ಒಂದು ಸಾಲು. ಆದರೆ ಅವನು ಆಗಲೇ ದೂರ ಹೋಗಿದ್ದ. ಅವನನ್ನು ಎತ್ತಿ ಮೇಲೆ ತರಬೇಕು, ತಂದ ಕ್ಷಣದಲ್ಲೇ ಕೈ ಹಿಡಿಸಬೇಕು, ಹಿಡಿಸಿದ ಕ್ಷಣದಲ್ಲೇ ಕಾಲು ಊರಿಸಬೇಕು. ಒಂದರ ಹೊಟ್ಟೆಯಲ್ಲಿ ಒಂದು ಕೂತ ಸಾಲುಗಳು, ಒಟ್ಟಿಗೇ ನಡೆಯಬೇಕಾದವು. ಪೀಡೀಬಿಯ ಕಿವಿಗೆ ಒಂದು ಸಾಲೇ ಹಿಡಿಸುವುದು. ಮೊದಲ ಸಾಲು ಬರೆದು ಎಂಟರ್ ಒತ್ತಿದ ಕೂಡಲೇ, ಉಳಿದದ್ದೆಲ್ಲಿ, ಇದು ಅರ್ಧ ಮಾತು ಎಂದು ಉಗುಳಿತು. ಆಯಿತು, ಎಲ್ಲವನ್ನೂ ಬೇರೆ ಕಡೆ ಬರೆದುಕೊಂಡು ಒಮ್ಮೆಗೇ ಅದರ ಬಾಯಿಗೆ ಸುರಿದೆ. ಕಣ್ಣಿಗೆ ಚೆಂದ ಕಾಣಲೆಂದು ನಡುವೆ ಒಂದು ಖಾಲಿ ಸಾಲು ಬಿಟ್ಟಿದ್ದೆ. ಖಾಲಿ ಸಾಲೆಂದರೆ ಪೀಡೀಬಿಗೆ ಒಂದೇ ಅರ್ಥ: ಹಿಂದೆ ಹೇಳಿದ್ದನ್ನೇ ಮತ್ತೊಮ್ಮೆ ಮಾಡು. ನಾನು ಸರಿಯಾಗಿ ಹೇಳಿದ್ದ ಕೊನೆಯ ಮಾತು ‘ಎನ್’. ಫಕೀರಪ್ಪ ಇನ್ನೊಂದು ಗೇಣು ಬಿದ್ದ. ನನ್ನ ಜಾಗದಲ್ಲಿ ಸಾಮಾನ್ಯ ಮನುಷ್ಯನಿದ್ದಿದ್ದರೆ ಆ ಖಾಲಿ ಸಾಲಿಗೇ ಎದೆ ಒಡೆದು ಸಾಯುತ್ತಿದ್ದ.

ಉಳಿದದ್ದು ಯಂತ್ರದ ಒಳಕೋಣೆ. ನನಗಿಂತ ಮೊದಲು ಇಲ್ಲಿ ಕೂಡುತ್ತಿದ್ದ ಸಿದ್ರಾಮಜ್ಜ ನನಗೆ ಕೆಲಸ ಕಲಿಸುವಾಗ ಅದೊಂದನ್ನು ತೋರಿಸಿ, ತೋರಿಸಿದ್ದಕ್ಕೇ ಪಶ್ಚಾತ್ತಾಪಪಟ್ಟಿದ್ದ. ಇಂಟರ್ಯಾಕ್ಟ್ ಎಂದು ಬರೆದರೆ ಪೀಡೀಬಿ ಮರೆಯಾಗಿ ತೆರೆಯ ಮೇಲೆ ಮೂರು ಬಾಣದ ಗುರುತು ಬರುತ್ತದೆ. ಅಲ್ಲಿ ಎಷ್ಟು ಸಾಲು ಬೇಕಾದರೂ ಒಂದರೊಳಗೊಂದು ಬರೆಯಬಹುದು, ಕೊನೆಗೆ ಖಾಲಿ ಸಾಲು ಬಿಟ್ಟರೆ ಆಗ ಎಲ್ಲವೂ ಒಟ್ಟಿಗೆ ನಡೆಯುತ್ತದೆ. ಅದೇ ಅಟ್ಟ, ಅದೇ ಕಿಟಕಿ, ಕಿಟಕಿಯಾಚೆ ಅದೇ ಊರು. ಆದರೆ ಒಳಗಿನದು ಒಳಗೇ ಉಳಿಯುತ್ತದೆ, ಹೋಗಬೇಡ ಎಂದಿದ್ದ ಅಜ್ಜ. ಅವನು ಮುಪ್ಪಾಗಿ ಸತ್ತಾಗ ಅವನ ಹೆಂಡತಿಗೆ ಇನ್ನೂ ಎರಡು ಜಡೆ ಹಾಕುವ ವಯಸ್ಸು.

ನಾನು ಹೋದೆ. ಸಾಲುಗಳನ್ನು ಬರೆದೆ, ಖಾಲಿ ಸಾಲು ಬಿಟ್ಟೆ. ಕಿಟಕಿಯಾಚೆ ಫಕೀರಪ್ಪ ಸರ್ರನೆ ಮೇಲೆದ್ದು ನಿಚ್ಚಣಿಕೆಯ ಮೇಲೆ ಗಟ್ಟಿಯಾಗಿ ನಿಂತ. ಅವನೊಬ್ಬನೇ ಅಲುಗಾಡುತ್ತಿದ್ದ, ಯಾಕೆಂದರೆ ನಾನು ಬರೆದದ್ದು ಅವನೊಬ್ಬನಿಗೆ. ಇನ್ನು ನಾಲ್ಕು ಸಾಲು ಖರ್ಚು ಮಾಡಿ ಅವನಿಗೆ ಬಾಯಿ ಬಿಡಿಸಿದೆ. ಮೊದಲ ಮಾತೇ ಬೈಗುಳ. ನಿಚ್ಚಣಿಕೆಯನ್ನು ಯಾವ ಬಡಿಗ ಮಾಡಿದನೋ ಅವನ ಏಳು ತಲೆಮಾರನ್ನು ಒಂದೊಂದಾಗಿ ಹೆಸರಿಸಿ ಬೈದ. ಅಷ್ಟು ಸವಿಯಾದ ಶಬ್ದ ನಾನು ಅದುವರೆಗೆ ಕೇಳಿರಲಿಲ್ಲ.

ಕುಣಿಯುತ್ತ ಹೊರಗೆ ಬಂದೆ. ಹೊರಗೆ ಅವನು ಗಾಳಿಯಲ್ಲೇ ಇದ್ದ, ಬೆನ್ನು ಕೆಳಗೆ, ಮುಖ ಮೇಲೆ.

ಮತ್ತೆ ಹೋದೆ, ಬೇರೆ ರೀತಿ ಬರೆದೆ, ಮತ್ತೆ ಬಂದೆ. ಎತ್ತರವನ್ನು ಸೊನ್ನೆ ಮಾಡಿದೆ, ಬಂಡೆಯನ್ನು ಬೆಣ್ಣೆ ಎಂದು ಕರೆದೆ, ಫಕೀರಪ್ಪನನ್ನು ಪಾರಿವಾಳ ಎಂದು ಹೆಸರಿಟ್ಟೆ. ಪಾರಿವಾಳವಾಗಿಯೂ ಅವನು ಬೀಡಿ ಕೇಳಿದ. ಒಳಗೆ ಎಲ್ಲವೂ ಆಗುತ್ತಿತ್ತು, ಹೊರಗೆ ಯಾವುದೂ ಉಳಿಯುತ್ತಿರಲಿಲ್ಲ. ಪ್ರತಿ ಸಲ ಒಳಗೆ ಹೋದಾಗಲೂ ಅವನಿಗೆ ಹಿಂದಿನದು ನೆನಪಿರುತ್ತಿರಲಿಲ್ಲ. ಬಡಿಗನ ಏಳು ತಲೆಮಾರು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅದಕ್ಕೆಂದೇ ಒಂದು ಸಲ ಒಳಗೆ ಹೋದವನು ಹೊರಗೆ ಬರಲಿಲ್ಲ.

ಎಷ್ಟು ಕಾಲ ಅಲ್ಲಿದ್ದೆನೆಂದು ಕೇಳಬೇಡಿ, ನಾನು ಹೇಳಿದರೂ ನೀವು ಅರ್ಧ ಮಾಡಿಕೊಳ್ಳುತ್ತೀರಿ. ನಾವಿಬ್ಬರೂ ನಿಂತ ಊರನ್ನು ಸುತ್ತಿದೆವು. ನನ್ನ ಜೀವಮಾನದಲ್ಲಿ ನನ್ನ ಹೆಜ್ಜೆಯ ಪಕ್ಕ ಇನ್ನೊಂದು ಹೆಜ್ಜೆಯ ಸದ್ದು ಕೇಳಿದ್ದು ಅಲ್ಲೇ. ಬಾಣಲೆಗೂ ಗೋಡೆಗೂ ನಡುವೆ ನಿಂತ ಸಾಸಿವೆ ತೋರಿಸಿದೆ. ನಗುಮುಖದಲ್ಲಿ ಸೊಸೆಯನ್ನು ಬೈಯುತ್ತ ನಿಂತ ಗಂಗವ್ವನನ್ನು ತೋರಿಸಿದೆ. ನಳದ ಬಾಯಲ್ಲಿ ಗಾಜಿನ ಗೊಂಚಲಿನಂತೆ ತೂಗುವ ನೀರಿನೊಳಗೆ ಅವನದೇ ಮುಖ ತೋರಿಸಿದೆ. ನಾನು ಇಷ್ಟು ಕಾಲ ಹೇಳಿದ್ದೆಲ್ಲ ಕಣ್ಣೆದುರಿಗೇ ಇತ್ತು. ಅವನು ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡಿ, ಇವನ್ನೆಲ್ಲ ನೀನೇ ಬರೆದು ಇಟ್ಟಿರುತ್ತೀ, ನನಗೇನು ಗೊತ್ತಾಗುವುದಿಲ್ಲವೇ ಎಂದ. ನಾವು ರೊಟ್ಟಿ ಮುರಿದು ತಿಂದೆವು. ಹಸಿವಿರಲಿಲ್ಲ, ಆದರೂ ತಿಂದೆವು. ಬಂಡೆಯ ಮೇಲೆ ಕೂತು ಅವನು ಬೀಡಿ ಸೇದುತ್ತಿದ್ದ, ನಾನು ಹೇಳುತ್ತಿದ್ದೆ, ಅವನು ಸುಳ್ಳು ಅನ್ನುತ್ತಿದ್ದ. ಆ ಬೀಡಿ ಮುಗಿಯುತ್ತಿರಲಿಲ್ಲ. ಅದು ಮುಗಿಯುವ ಸಾಲನ್ನು ನಾನು ಬರೆದಿರಲಿಲ್ಲ.

ಒಮ್ಮೆ ಅವನು ನನ್ನನ್ನು ದಿಟ್ಟಿಸಿ ನೋಡಿ ಕೇಳಿದ:

“ನಿನ್ನ ಗಡ್ಡ ಯಾಕಲೇ ಹಂಗ ಬೆಳ್ಳಗಾತು?”

ಗಡ್ಡ ಹೊಕ್ಕುಳ ಮುಟ್ಟಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹೊರಗೆ ನೀನು ಗಾಳಿಯಲ್ಲಿದ್ದೀ, ನಿನ್ನ ಕೆಳಗೆ ಈ ಬಂಡೆಯಿದೆ, ನಿನಗಾಗಿ ನಾನು ಇಲ್ಲಿ ಮುದುಕನಾದೆ ಎಂದೆ. ಅವನಿಗೆ ಸಿಟ್ಟು ಬಂತು. ಇದುವರೆಗೆ ಬಿಟ್ಟದ್ದೆಲ್ಲ ತಮಾಷೆ, ಇದು ಮಾತ್ರ ಹಂಗಿಸುವ ಮಾತು ಎಂದುಕೊಂಡಿರಬೇಕು.

“ನಾ ಬಿದ್ದು ಸಾಯಾವ, ನೀ ನನ್ನ ಉಳಸಾವ. ಇಷ್ಟ ದೊಡ್ಡದು ಬಿಡಾಕ ನಿನಗ ಬಾಯರ ಹ್ಯಾಂಗ ಬಂತಲೇ?”

ಕಾಲಿನ ಚಪ್ಪಲಿ ತೆಗೆದು ಬೀಸಿದ. ನಾನು ತಲೆ ತಗ್ಗಿಸಿದೆ. ನನ್ನಷ್ಟು ಚೆನ್ನಾಗಿ ತಲೆ ತಗ್ಗಿಸುವವರು ಕಡಿಮೆ. ಚಪ್ಪಲಿ ಹಿಂದೆ ಹೋಗಿ, ಟಾಕಿಯ ಕೆಳಗೆ ಯಾವಾಗಲೂ ಬಿದ್ದಿರುವ ಒಡೆದ ಕೊಡ, ಹಳೇ ಪೈಪುಗಳ ರಾಶಿಯ ಮೇಲೆ ಬಿತ್ತು. ಅವನು ಮುಖ ತಿರುಗಿಸಿ ಕೂತ. ಅವನ ಸಿಟ್ಟು ಇಳಿಯಲಿ ಎಂದು ನಾನು ಅಟ್ಟ ಹತ್ತಿ, ಬಹಳ ಕಾಲದ ಮೇಲೆ, ಹೊರಗೆ ಬಂದೆ.

ಹೊರಗೆ ಫಕೀರಪ್ಪ ಗಾಳಿಯಲ್ಲೇ ಇದ್ದ. ಆದರೆ ಅವನ ಒಂದು ಕಾಲು ಬರಿಗಾಲು. ಕೆಳಗೆ ಒಡೆದ ಕೊಡದ ಮೇಲೆ ಚಪ್ಪಲಿ ಬಿದ್ದಿತ್ತು.

ನಾನು ಆ ಚಪ್ಪಲಿಯನ್ನು ಎಷ್ಟೋ ಹೊತ್ತು ನೋಡುತ್ತ ನಿಂತೆ. ಬೇರೆಯವರಾದರೆ ಒಂದು ಜನ್ಮ ಬೇಕಾಗುತ್ತಿತ್ತು, ನನಗೆ ಅಷ್ಟು ಸಾಕಾಯಿತು. ಒಳಕೋಣೆಗೆ ಹೋಗುವಾಗ ಹೆಸರುಗಳಿಗೆ ನಕಲು ಸಿಗುತ್ತದೆ. ಫಕೀರಪ್ಪ ಎಷ್ಟು ಎತ್ತರದಲ್ಲಿದ್ದಾನೆ ಎಂಬುದು ಒಂದು ಹೆಸರಿಗೆ ಕಟ್ಟಿದ ಅಂಕಿ. ಒಳಗೆ ನಾನು ಆ ಹೆಸರಿಗೆ ಬೇರೆ ಅಂಕಿ ಕಟ್ಟಿದರೆ, ನಕಲಿಗೆ ಕಟ್ಟಿದ ಹಾಗಾಯಿತು, ಹೊರಗಿನದಕ್ಕೆ ಸುದ್ದಿಯೇ ಇಲ್ಲ. ಆದರೆ ಟಾಕಿಯ ಕೆಳಗಿನ ರಾಶಿಗೆ ನಕಲಿಲ್ಲ. ಒಳಗಿಂದ ನೋಡಿದರೂ ಹೊರಗಿಂದ ನೋಡಿದರೂ ಅದು ಒಂದೇ ರಾಶಿ. ಅದರ ಮೇಲೆ ಒಳಗಿನಿಂದ ಏನು ಹಾಕಿದರೂ ಅದು ಹೊರಗೂ ಬಿದ್ದಿರುತ್ತದೆ. ಫಕೀರಪ್ಪನನ್ನು ಮೇಲೆತ್ತಲು ನನ್ನಿಂದ ಆಗುತ್ತಿರಲಿಲ್ಲ. ಕೆಳಗೆ ಹಾಸಲು ಆಗುತ್ತಿತ್ತು.

ಮತ್ತೆ ಒಳಗೆ ಹೋದೆ. ನನ್ನ ಗಡ್ಡ ಬೆಳ್ಳಗಾದುದನ್ನು ಕಂಡಿದ್ದ, ಸಿಟ್ಟಾಗಿ ಕೂತಿದ್ದ ಆ ಫಕೀರಪ್ಪ ಅಲ್ಲಿರಲಿಲ್ಲ. ಹೊಸ ನಕಲು ಗಾಳಿಯಲ್ಲಿತ್ತು, ಒಂದು ಚಪ್ಪಲಿಯಲ್ಲಿ. ಈಗ ಅವನನ್ನು ಇಳಿಸುವ ಅಗತ್ಯವೇನೂ ಇರಲಿಲ್ಲ, ಹಾಸಿಗೆಯ ಸಾಲು ಬರೆದು ಹೊರಗೆ ಹೋದರೆ ಸಾಕಿತ್ತು. ಆದರೂ ಬರೆದೆ. ಮೇಲೆತ್ತಿ, ಕೈ ಹಿಡಿಸಿ, ಕಾಲು ಊರಿಸಿ, ಬಾಯಿ ಬಿಡಿಸಿದೆ. ಅವನು ಬಡಿಗನ ಏಳು ತಲೆಮಾರು ಮುಗಿಸಿ, ನನ್ನ ಇನ್ನೊಂದು ಚಪ್ಪಲಿ ಎಲ್ಲಿ ಎಂದು ಹುಡುಕುತ್ತ ಅಟ್ಟಕ್ಕೆ ಬಂದು, ನಾನು ಬರೆಯುವುದನ್ನು ನೋಡುತ್ತ ಪಕ್ಕದಲ್ಲಿ ಕೂತ. ಊರಿನ ಪ್ರತಿಯೊಂದು ಮನೆಗೂ ಹೋಗು. ಆ ಮನೆಯಲ್ಲಿರುವ, ಹಳೇ ಬಟ್ಟೆ ಹೊಲಿದು ಮಾಡಿದ ಪ್ರತಿಯೊಂದು ಕೌದಿಯನ್ನೂ ಹಿಡಿ. ಹಿಡಿದದ್ದನ್ನು ಟಾಕಿಯ ಕೆಳಗಿನ ರಾಶಿಗೆ ಹಾಕು. ಅಷ್ಟೇ ಬರೆದದ್ದು, ಒಂದರೊಳಗೊಂದು. ಇಷ್ಟಕ್ಕೇ ನಾನು ಮುದುಕನಾದೆ. ಅಲ್ಲಿಗೂ ಖಾಲಿ ಸಾಲು ಬಿಡಲು ಬೆರಳು ಏಳಲಿಲ್ಲ.

“ಊರ ಕೌದಿ ಎಲ್ಲಾ ತಗೊಂಡು ಏನ್ ಮಾಡಾಂವಲೇ?”

“ನೀ ಬೀಳಾಕತ್ತೀದಿ. ನಿನ್ನ ಬುಡಕ ಹಾಸ್ತೀನಿ.”

“ನಾ ಇಲ್ಲೇ ಕುಂತೀನಲ್ಲಲೇ.” ಅವನು ನಕ್ಕ. “ಏನರ ಬಿಡು, ಆದ್ರ ಇದನ್ನ ಬಿಡಬ್ಯಾಡ. ಇದು ಭಾಳ ಆತು.”

ನಾನು ಖಾಲಿ ಸಾಲು ಬಿಟ್ಟೆ. ಮನೆ ಮನೆಯ ಕೌದಿಗಳು ಎದ್ದು ಬಂದು ಒಂದರ ಮೇಲೊಂದು ಬಿದ್ದವು. ಫಕೀರಪ್ಪ ಕಿಟಕಿಯಿಂದ ನೋಡಿದ. ಆಗಲೂ ನಂಬಲಿಲ್ಲ. ಮಲಗಲು ಜಾಗ ಚೆನ್ನಾಗಿ ಮಾಡಿದ್ದೀ ಎಂದ. ನಾನು ಎದ್ದೆ.

“ಎಲ್ಲಿ ಹೊಂಟಿ?”

“ಹೊರಗ.”

“ಹೊರಗ ಏನೈತಿ?”

“ನೀ ಅದಿ.”

“ಸುಳ್ಳ,” ಎಂದ ಫಕೀರಪ್ಪ. ಬೀಡಿ ಹಚ್ಚಲು ನನ್ನ ಕಡೆ ಕಡ್ಡಿಪೆಟ್ಟಿಗೆ ಕೇಳಿದ. ಕೊಟ್ಟೆ. ಅವನು ಹಚ್ಚಿಕೊಳ್ಳುತ್ತಿರುವಾಗಲೇ ಹೊರಗೆ ಬಂದೆ.

ರಾಶಿ ಅಲ್ಲಿತ್ತು, ಬಂಡೆಯನ್ನೂ ಮುಚ್ಚಿ, ಟಾಕಿಯ ಅರ್ಧ ಎತ್ತರಕ್ಕೆ. ‘ಸಿ’ ಒತ್ತಿದೆ. ಫಕೀರಪ್ಪ ಬಿದ್ದ ಸದ್ದು ಏಳು ಊರಿಗೆ ಕೇಳಿಸಿತು. ತಲೆಮಾರುಗಳ ಧೂಳು ಎದ್ದು ಸೂರ್ಯ ಕಾಣದಾಯಿತು. ಊಟ ಮಾಡಿ ಮಲಗಿದ್ದವರೆಲ್ಲ ಬರಿ ನೆಲದ ಮೇಲೆ ಎಚ್ಚರಾಗಿ, ಕೌದಿ ಎಲ್ಲಿ ಎಂದು ಬೀದಿಗೆ ಬಂದರು. ಊರಿನ ಮಾನವೆಲ್ಲ ಹೊಲಿಗೆ ಬಿಚ್ಚಿಕೊಂಡು ಟಾಕಿಯ ಕೆಳಗೆ ಬಿದ್ದಿತ್ತು. ಚೇರಮನ್ನರ ಮನೆಯ ಕೌದಿಯಲ್ಲಿ ಶಾಲೆಯಿಂದ ಕಾಣೆಯಾಗಿದ್ದ ನಾಟಕದ ಪರದೆಯ ತುಂಡಿತ್ತು. ರಾಜನ ಅರಮನೆಯ ಅರ್ಧ ಬಾಗಿಲು ಎಲ್ಲರಿಗೂ ಕಾಣುತ್ತಿತ್ತು. ಗಂಗವ್ವ ತನ್ನದನ್ನು ಎಳೆದುಕೊಂಡು, ಮುಖ ಚೆಂದ ಇಟ್ಟುಕೊಳ್ಳುವುದನ್ನೂ ಮರೆತು ಬೈಯತೊಡಗಿದಳು. ಇನ್ನೇನು ದೊಡ್ಡ ಜಗಳವೇ ಆಗಬೇಕು, ಅಷ್ಟರಲ್ಲಿ ನಾನು ಅಟ್ಟ ಇಳಿದು ಬಂದೆ. ಹಿಡಿದ ಕೌದಿ ಬಿಟ್ಟು ಎಲ್ಲರೂ ನನ್ನ ಗಡ್ಡ ನೋಡಿದರು. ಬೆಳಿಗ್ಗೆ ನನ್ನ ಚೀಲಕ್ಕೆ ರೊಟ್ಟಿ ಹಾಕಿದಾಗ ಅವರು ಕಂಡಿದ್ದು ಕಪ್ಪು ಮೀಸೆಯ ಗಂಡಸನ್ನು.

ಫಕೀರಪ್ಪ ರಾಶಿಯ ಮೇಲೆ ಕೂತಿದ್ದ. ಪಾದ ಹೊರಳಿತ್ತು, ಬೇರೆ ಏನೂ ಆಗಿರಲಿಲ್ಲ. ಮುಷ್ಟಿಯಲ್ಲಿ ಇನ್ನೂ ಆ ಮೆಟ್ಟಿಲಿತ್ತು. ಅವನು ಮೇಲೆ ಟಾಕಿಯ ತುದಿ ನೋಡಿದ, ಕೌದಿಗಳ ಸಂದಿನಿಂದ ಕೆಳಗಿನ ಬಂಡೆ ನೋಡಿದ, ಆಮೇಲೆ ನನ್ನ ಗಡ್ಡ ನೋಡಿದ. ನಾನು ಕಾಯುತ್ತಿದ್ದೆ. ಹೇಳಲು ನನ್ನಲ್ಲಿ ಎಷ್ಟೊಂದಿತ್ತು, ಒಮ್ಮೆ ಅವನು ಬಾಯಿ ತೆಗೆದು ಏನಾದರೂ ಬೈದರೆ ಶುರು ಮಾಡುವವನಿದ್ದೆ. ಅವನು ಕುಂಟುತ್ತ ಇಳಿದು ಬಂದು ಎರಡೂ ಕೈ ಜೋಡಿಸಿದ.

“ಯಮನೂರಪ್ಪನವರ,” ಎಂದ. “ನೀವು ಹೇಳಿದ್ದೆಲ್ಲಾ ಖರೇನ ಐತ್ರಿ.”

ಕಾಲಿನ ನೋವಿಗೆ ಹಾಗನ್ನುತ್ತಾನೆ, ಇಳಿದ ಮೇಲೆ ಸರಿಹೋಗುತ್ತಾನೆ ಎಂದುಕೊಂಡೆ. ನೋವು ಇಳಿಯಿತು. ಟಾಕಿಯ ಹತ್ತಿರ ಹೋಗಿ ಎಂದಿನಂತೆ ಒಂದು ಬಿಟ್ಟೆ, ನಿಂತ ಊರಿನಲ್ಲಿ ಎಲ್ಲ ಎಮ್ಮೆಗಳ ಕೊಂಬಿಗೂ ಸಿಂಬಿ ಸುತ್ತಿ ಬಂದೆನೆಂದು. ಅವನು ತಲೆ ಅಲ್ಲಾಡಿಸಿ, ಬಹಳ ಕಷ್ಟಪಟ್ಟಿದ್ದೀರಿ ಎಂದ. ಮರುದಿನ ಇನ್ನೂ ದೊಡ್ಡದು ಬಿಟ್ಟೆ, ಅದಕ್ಕೂ ಒಪ್ಪಿದ. ನಾನು ಬರುವುದು ಕಂಡರೆ ಬೀಡಿ ಆರಿಸಿ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಒಂದು ದಿನ, ಚೀಲಕ್ಕೆ ಕೈ ಹಾಕುವನೇನೋ ಎಂದು ಅದನ್ನು ಅವನ ಎದುರಿಗೇ ತೆರೆದು ಹಿಡಿದೆ. ಅವನು ತನ್ನ ಮನೆಯ ರೊಟ್ಟಿ ಒಂದನ್ನು ಅದರೊಳಗಿಟ್ಟು, ಮೇಲೆ ಚಿಟಿಕೆ ಹಿಂಡಿ ಹಾಕಿ, ನೆಲ ನೋಡಿದ.

ಮಳೆಗಾಲದಲ್ಲಿ ಊರು ಮತ್ತೊಮ್ಮೆ ನಿಂತಿತು. ಯಾರದೋ ಗಡಿಯಾರದ ಮುಳ್ಳು ಕಳಚಿತ್ತು, ಒಂದು ಸಾಲಿನ ಕೆಲಸ. ಬರೆದು ಮುಗಿಸಿದೆ. ‘ಸಿ’ ಒತ್ತಬೇಕಿತ್ತು. ಒತ್ತಲಿಲ್ಲ. ಕಿಟಕಿಯಾಚೆ ಮಳೆಯ ಹನಿಗಳು ದಾರವಿಲ್ಲದ ಸರದಂತೆ ನಿಂತಿದ್ದವು. ನಾನು ಇಂಟರ್ಯಾಕ್ಟ್ ಎಂದು ಬರೆದೆ.

ಒಳಗೆ, ಹೊರಗಿನ ಹಾಗೆಯೇ, ಫಕೀರಪ್ಪ ಬಂಡೆಯ ಮೇಲೆ ಗೋಣಿತಾಟು ಹೊದ್ದು ಕೂತಿದ್ದ. ಅವನ ಕೈಕಾಲಿನ ಸಾಲು ಬರೆದೆ, ಬಾಯಿಯ ಸಾಲು ಬರೆದೆ. ಅಲ್ಲಿದ್ದವರು ನಾವಿಬ್ಬರೇ. ನಿಂತ ಮಳೆಯ ಹನಿಗಳನ್ನು ಮೆಟ್ಟಿಲು ಮಾಡಿಕೊಂಡು ಮೋಡಕ್ಕೆ ಹತ್ತಿ, ಅಲ್ಲಿ ಕಾಲು ಇಳಿಬಿಟ್ಟು ಕೂತು, ನಿನ್ನ ಬೀಡಿಯನ್ನು ಮಿಂಚಿನಿಂದ ಹಚ್ಚಿಕೊಂಡು ಬಂದೆ ಎಂದು ಅವನಿಗೆ ಹೇಳಿದೆ. ನಾನು ಇದುವರೆಗೆ ಬಿಟ್ಟವುಗಳಲ್ಲೆಲ್ಲ ಅದು ಶ್ರೇಷ್ಠ. ಯಾವ ಕಡೆಯಿಂದ ನೋಡಿದರೂ ನಂಬಲು ಒಂದು ತೂತಿರಲಿಲ್ಲ.

“ಹೌದ್ರಿ,” ಎಂದ ಅವನು.

“ಸುಳ್ಳ ಐತದು, ಫಕೀರಪ್ಪಾ.”

“ನೀವು ಸುಳ್ಳ ಹೇಳಾಂಗಿಲ್ರಿ.”

ಅವನು ಎದ್ದು, ಹೆಗಲ ಮೇಲಿನ ವಸ್ತ್ರದಿಂದ ಬಂಡೆ ಒರೆಸಿ, ಕೂಡ್ರಿ ಅಂದ. ನಾನು ಕೂತೆ. ಅವನು ನಿಂತೇ ಇದ್ದ.